ಮಿಲ್ಲು ನಿಂತ ಹೊತ್ತು

ಕಳೆದ ವಾರ ತಾಳವಾಡಿಗೆ ಹೋಗಿದ್ದೆ. ತಾಲ್ಲೂಕು ಆಫೀಸಿನಲ್ಲಿ ಮಗನ ಸರ್ಟಿಫಿಕೇಟಿನ ಕೆಲಸವಿತ್ತು. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಮೂರರ ಮೇಲೆ ಬನ್ನಿ ಎಂದರು. ಸರಿ ಎಂದು ಬಸ್ ಸ್ಟ್ಯಾಂಡಿನ ಪಕ್ಕ ಕಬ್ಬಿನ ಹಾಲಿನ ಗಾಡಿಯ ಮುಂದೆ ನೆರಳು ನೋಡಿಕೊಂಡು ನಿಂತೆ. ಮಷೀನು ಗಡಗಡ ಎನ್ನುತ್ತಿತ್ತು. ಇದ್ದಕ್ಕಿದ್ದಂತೆ ಅದರ ಬೆಲ್ಟು ಜಾರಿ, ರಬ್ಬರು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಗಾಡಿಯವನು ಮಷೀನು ಆಫ್ ಮಾಡಿದ. ಅದರ ಸದ್ದಿಗೆ ಮೇಲಾಗಿ ಕೂಗಿ ಮಾತಾಡುತ್ತಿದ್ದವರೆಲ್ಲ ತಮ್ಮ ಕೂಗು ತಮಗೇ ಕೇಳಿ, ನಾಚಿಕೊಂಡು ದನಿ ಇಳಿಸಿದರು. ನಾನು ಮಾತ್ರ ಖಾಲಿ ಲೋಟ ಹಿಡಿದು ಹಾಗೇ ನಿಂತುಬಿಟ್ಟೆ. ಆ ವಾಸನೆ... ಇಪ್ಪತ್ತೈದು ವರ್ಷ ಹಿಂದಿನ ಒಂದು ಬೆಳಗನ್ನು ಎಬ್ಬಿಸಿ ತಂದು ನನ್ನ ಮುಂದೆ ನಿಲ್ಲಿಸಿತ್ತು.

ನಮ್ಮೂರಿನ ಹಿಟ್ಟಿನ ಮಿಲ್ಲಿನವರನ್ನು ನಾನು ಮಾವ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ. ನಾನು ಕೊಳ್ಳೇಗಾಲದ ಕಡೆಯಿಂದ ಹಾಸನೂರಿನ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದವಳು. ಸೊಸೆಗೆ ಊರಿನ ದೊಡ್ಡ ಗಂಡಸರೆಲ್ಲ ಮಾವಂದಿರೇ. ಅವರಲ್ಲಿ ಇವರು ಮಿಲ್ಲಿನ ಮಾವ. ನಮ್ಮದು ಪುಟ್ಟ ಚರ್ಚು, ಅದರ ಸುತ್ತ ಕ್ರೈಸ್ತರ ಮನೆಗಳು, ಆ ಸಾಲಿನ ಕೊನೆಗೆ ಮಿಲ್ಲು. ಒಳಗೆ ಗೋಡೆಯ ಮೇಲೆ ಯೇಸುವಿನ ಪಟ, ಅದರ ಪಕ್ಕ ಯಾವುದೋ ಗೊಬ್ಬರದ ಅಂಗಡಿಯವರು ಕೊಟ್ಟ ಮಾದೇಶ್ವರನ ಕ್ಯಾಲೆಂಡರು. ಎರಡರ ಮೇಲೂ ಹಿಟ್ಟಿನ ಧೂಳು ಒಂದೇ ಸಮನಾಗಿ ಕೂತಿರುತ್ತಿತ್ತು. ಮಾವನ ಹುಬ್ಬಿನ ಮೇಲೂ ಅಷ್ಟೇ.

ತಾಳ್ಮೆಯ ಮನುಷ್ಯ ಎಂದು ಅವರನ್ನು ಯಾರೂ ಕರೆಯುವಂತಿರಲಿಲ್ಲ. ರಾಗಿ ಸ್ವಲ್ಪ ಹಸಿಯಾಗಿದ್ದರೆ ಸಾಕು, ತಂದವಳ ತವರುಮನೆಯವರೆಗೆ ಹೋಗಿ ಬೈದು ಬರುತ್ತಿದ್ದರು. ಕಲ್ಲು ಸಿಕ್ಕಿದರಂತೂ ಮುಗಿದೇ ಹೋಯಿತು. ಚರ್ಚಿನಲ್ಲಿ ಪಾದ್ರಿ ಸಾಮಿಯವರ ಪ್ರಸಂಗ ಉದ್ದವಾದರೆ ಗಂಡಸರ ಸಾಲಿನಿಂದ ಒಂದು ಕೆಮ್ಮು ಏಳುತ್ತಿತ್ತು. ಅದು ಯಾರ ಕೆಮ್ಮೆಂದು ಪೀಠದಲ್ಲಿ ನಿಂತವರಿಗೂ ಗೊತ್ತಿತ್ತು. ಹೀಗೆ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಮನುಷ್ಯನಿಗೆ ಒಂದೇ ಒಂದು ವಿಚಿತ್ರ ಅಭ್ಯಾಸವಿತ್ತು. ಯಾರಾದರೂ ಹತ್ತಿರ ಬಂದು ಮಾತಾಡಲು ಬಾಯಿ ತೆರೆದರೆ, ಬರಿಯ ವ್ಯವಹಾರದ ಮಾತಲ್ಲ ಎಂದು ಮುಖ ನೋಡಿ ಅನ್ನಿಸಿದರೆ, ಅವರು ಕೈ ಚಾಚಿ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿ ಮಿಲ್ಲನ್ನೇ ನಿಲ್ಲಿಸಿಬಿಡುತ್ತಿದ್ದರು.

ಇದು ಎಂಥ ತೊಂದರೆಯ ಅಭ್ಯಾಸ ಎಂಬುದು ಆ ಕಾಲದಲ್ಲಿ ಹಿಟ್ಟು ಬೀಸಿಸಿದವರಿಗೇ ಗೊತ್ತು. ಮೂರು ಫೇಸ್ ಕರೆಂಟು ಬರುತ್ತಿದ್ದದ್ದು ದಿನಕ್ಕೆ ಕೆಲವೇ ಗಂಟೆ. ಅದು ಹೋಯಿತೆಂದರೆ ಮಿಲ್ಲೂ ಇಲ್ಲ, ತೋಟದ ಪಂಪೂ ಇಲ್ಲ. ಅಷ್ಟರೊಳಗೆ ಸಾಲಿನಲ್ಲಿ ಕೂತವರದೆಲ್ಲ ಬೀಸಿ ಮುಗಿಯಬೇಕು. ಹೊರಗಿನ ಜಗಲಿಯಲ್ಲಿ ಡಬ್ಬ, ಪುಟ್ಟಿ, ಚೀಲ ಸಾಲಾಗಿ ಕೂತಿರುವಾಗ ಒಳಗೆ ಮಿಲ್ಲು ಇದ್ದಕ್ಕಿದ್ದಂತೆ ತಣ್ಣಗಾದರೆ ಹೆಂಗಸರ ಬಾಯಿ ಸುಮ್ಮನಿರುತ್ತದೆಯೇ?

“ಮಾವೋ, ಕರೆಂಟ್ ಓದ್ರೆ ಸಂದ್ಯಾಕ ನಮ್ಮನೇಲಿ ಮುದ್ದೆಗ್ ಇಟ್ಟಿಲ್ಲ. ನಿಮ್ಮನೇಗೇ ಬತ್ತೀವಿ ಉಣ್ಣಕ್ಕ!”

“ಬನ್ನಿ, ಬನ್ನಿ. ಈಗ ಸುಮ್ಕಿರಿ,” ಎಂದು ಒಳಗಿನಿಂದ ಗದರು ಬರುತ್ತಿತ್ತು. ಗದರಿದ ಬಾಯಿ ಆಮೇಲೆ ಮುಚ್ಚಿಕೊಳ್ಳುತ್ತಿತ್ತು. ಕಷ್ಟ ಹೇಳಲು ಬಂದವರಿಗೆ ಅವರು ಬುದ್ಧಿ ಹೇಳಿದ್ದನ್ನು ನಾನು ಕೇಳಿಲ್ಲ. ದೇವರ ಹೆಸರೆತ್ತಿ ಸಮಾಧಾನ ಹೇಳಿದ್ದನ್ನೂ ಕೇಳಿಲ್ಲ. ಬಂದವರ ಮಾತು ನಿಂತ ಮೇಲೂ, ಮಿಲ್ಲು ಮತ್ತೆ ಓಡಿಸುವ ಹಸಿರು ಗುಂಡಿಗೆ ಕೈ ಹೋಗುತ್ತಿರಲಿಲ್ಲ. ಹೆಗಲ ಟವೆಲು ತೆಗೆದು ಹುಬ್ಬು ಒರೆಸಿಕೊಳ್ಳುವರು, ಕಾಲಿನ ಹತ್ತಿರ ಚೆಲ್ಲಿದ ಹಿಟ್ಟನ್ನು ಕೈಯಲ್ಲಿ ಬಳಿದು ಗುಡ್ಡೆ ಮಾಡುವರು. ಹಣೆಯ ತುಂಬ ವಿಭೂತಿ ಬಳಿದ ಮೇಲಿನ ಬೀದಿಯ ದೊಡ್ಡ ಜಮೀನಿನವರೊಬ್ಬರು ಕೂಡ, ರಾಗಿಯನ್ನು ಆಳಿನ ಕೈಲಿ ಕಳಿಸುವುದು ಬಿಟ್ಟು ಒಂದು ದಿನ ತಾವೇ ಹೊತ್ತು ತಂದಿದ್ದರು. ಅವತ್ತು ಮಿಲ್ಲು ಬಹಳ ಹೊತ್ತು ನಿಂತಿತ್ತು.

ಇದರಿಂದ ಊರಿಗೆ ಇನ್ನೊಂದು ಅಭ್ಯಾಸ ಹತ್ತಿತು. ಬೆಳಗಿನ ಹೊತ್ತು ಕರೆಂಟಿರುವಾಗ ಮಿಲ್ಲಿನ ಸದ್ದು ನಿಂತರೆ, ಬೀದಿಯ ಕೊನೆಯ ಮನೆಯವರೆಗೂ ಒಲೆ ಮುಂದಿನ ಹೆಂಗಸರು ಕತ್ತೆತ್ತುತ್ತಿದ್ದರು. ‘ಇವತ್ತು ಯಾರಿಗ್ ನಿಂತದ್ದು?’ ಇದು ಮಧ್ಯಾಹ್ನದೊಳಗೆ ತಿಳಿಯಲೇಬೇಕಾದ ಸುದ್ದಿ. ಏನು ಹೇಳಿದರೆಂದು ಮಾವ ಯಾರಿಗೂ ಬಾಯಿ ಬಿಡುತ್ತಿರಲಿಲ್ಲ. ಅದು ಬೇಕಾಗಿಯೂ ಇರಲಿಲ್ಲ. ಯಾರಿಗೆ ನಿಂತಿತು ಎಂದು ಗೊತ್ತಾದರೆ ಯಾಕೆ ನಿಂತಿತು ಎಂಬುದನ್ನು ಊರೇ ಹೊಲಿದು ಕೊಡುತ್ತಿತ್ತು. ನನ್ನಂಥ ಹೊಸ ಸೊಸೆಯರು ಮಿಲ್ಲಿಗೆ ಹೋದರೆ ತುಟಿ ಬಿಗಿದುಕೊಂಡು, ಡಬ್ಬ ಇಟ್ಟು, ಗೋಡೆ ನೋಡುತ್ತ ನಿಲ್ಲುತ್ತಿದ್ದೆವು.

ನನಗೆ ಆಗ ಹೇಳಿಕೊಳ್ಳುವುದಿತ್ತು. ಎದೆಯ ತುಂಬ ಇತ್ತು.

ಮದುವೆಯಾದ ಎರಡನೆಯ ವರ್ಷ ಬಸುರಿಯಾದೆ. ತಿಂಗಳು ತುಂಬುವ ಮೊದಲೇ ಒಂದು ಸಂಜೆ ನೋವು ಕಾಣಿಸಿಕೊಂಡಿತು. ನನ್ನ ಗಂಡ ಕೋಸಿನ ಲೋಡಿನ ಜೊತೆ ಮೇಟುಪಾಳ್ಯಕ್ಕೆ ಹೋಗಿದ್ದರು. ಅತ್ತೆ ಒಬ್ಬರೇ ನನ್ನನ್ನು ಪಕ್ಕದೂರಿನ ಜೀಪಿನಲ್ಲಿ ಹತ್ತಿಸಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಹೊರಟರು. ಹಾಸನೂರು ದಾಟಿದ್ದು ಮಾತ್ರ ನೆನಪಿದೆ. ಆಮೇಲೆ ಕಣ್ಣು ಕತ್ತಲೆ ಬಂತು. ಎಚ್ಚರವಾದಾಗ ಆಸ್ಪತ್ರೆಯ ಮಂಚ, ಪಕ್ಕದಲ್ಲಿ ಕೊಳ್ಳೇಗಾಲದಿಂದ ಬಂದ ನನ್ನ ಅವ್ವ. ಮಗು ಹೋಯಿತು ಎಂದರು. ಹುಟ್ಟುವಾಗಲೇ ಜೀವ ಇರಲಿಲ್ಲ ಎಂದರು. ಅತ್ತೆ ಅದನ್ನು ಊರಿಗೆ ಒಯ್ದು ಮಣ್ಣು ಮಾಡಿದ್ದೂ ಆಗಿತ್ತು.

ಊರಿಗೆ ಬಂದ ಮೇಲೆ ಅತ್ತೆ ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ಅನ್ನ ಬಡಿಸಿದರು, ತಲೆಗೆ ಎಣ್ಣೆ ಹಚ್ಚಿದರು, ಬಿಸಿನೀರು ಕಾಯಿಸಿ ಹಾಕಿದರು. ಎಲ್ಲವನ್ನೂ ಬೇರೆ ಕಡೆ ನೋಡಿಕೊಂಡೇ ಮಾಡಿದರು. ಗಂಡಾ ಹೆಣ್ಣಾ ಎಂದು ಒಂದು ಸಲ ಕೇಳಿದೆ. “ಯಾಕವ್ವ ಅದೆಲ್ಲ, ಮರ್ತ್ಬುಡು,” ಎಂದು ಕೊಡ ಎತ್ತಿಕೊಂಡು ಹೊರಟುಹೋದರು. ಗಂಡನನ್ನು ಕೇಳಿದರೆ, ಅವ್ವ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ ಎಂದರು. ನಮ್ಮ ಮನೆಗೆ ಜಪಸರದ ಪ್ರಾರ್ಥನೆಗೆ ಬಂದ ಹೆಂಗಸರು ಒಳ್ಳೆಯವರೇ. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ “ಎಲ್ಲ ದೇವ್ರ್ ಚಿತ್ತ ಕಣವ್ವ” ಎಂದು ನನ್ನ ಮಾತಿಗೆ ಮುಚ್ಚಳ ಹಾಕಿ, ಕಾಫಿ ಕುಡಿದು ಹೋದರು. ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಸಾಮಿಯವರು ತಾಳ್ಮೆಯ ಮೇಲೆ ಪ್ರಸಂಗ ಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಎಲ್ಲರೂ ಸಾಲಾಗಿ ಹೋಗಿ ತೆಗೆದುಕೊಳ್ಳುವ ಪರಮಪ್ರಸಾದಕ್ಕೂ ಎದ್ದು ಹೋಗದೆ ಕೂತಲ್ಲೇ ಕೂತೆ.

ಕೊನೆಗೆ ಅಣ್ಣನಿಗೆ ಹೇಳಿ ಕಳಿಸಿದೆ: ಮುಂದಿನ ಭಾನುವಾರ ಬಾ, ನನ್ನನ್ನು ಕರೆದುಕೊಂಡು ಹೋಗು. ಮತ್ತೆ ಈ ಮನೆಗೆ ಕಾಲಿಡುವುದಿಲ್ಲ ಎಂದು ತೀರ್ಮಾನ ಮಾಡಿದ್ದೆ. ಸತ್ತ ಮಗುವಿನ ಬಗ್ಗೆ ಒಂದು ಮಾತು ಕೊಡದ ಮನೆ ನನಗೆ ಬೇಡವಾಗಿತ್ತು.

ಆ ವಾರದಲ್ಲೇ ಬೆಲ್ಟು ಹರಿದದ್ದು.

ನನ್ನ ಸರದಿ ಬಂದಿತ್ತು. ಒಳಗೆ ಹೋಗಿ ರಾಗಿ ಸುರಿದು, ಎಂದಿನಂತೆ ತುಟಿ ಬಿಗಿದು ನಿಂತಿದ್ದೆ. ಫಟಾರ್ ಎಂದು ಒಂದು ಸದ್ದು. ಬೆಲ್ಟು ಹಾವಿನಂತೆ ಹಾರಿ ಗೋಡೆಗೆ ಬಡಿದು ಬಿತ್ತು. ರಬ್ಬರು ಸುಟ್ಟ ವಾಸನೆ ತುಂಬಿಕೊಂಡಿತು. ಬೆಲ್ಟು ಬಡಿದ ರಭಸಕ್ಕೆ ಗೋಡೆಯ ಮೇಲಿದ್ದ ಹಿಟ್ಟೆಲ್ಲ ಎದ್ದು ನನ್ನ ಕಣ್ಣಿಗೇ ತುಂಬಿತು. ಮಾವ ಮಿಲ್ಲನ್ನೂ ಬೆಲ್ಟನ್ನೂ ಅದನ್ನು ಮಾರಿದ ಸತ್ಯಮಂಗಲದ ಅಂಗಡಿಯವನನ್ನೂ ಒಟ್ಟಿಗೆ ಬೈಯುತ್ತ, ಹಳೆಯದೊಂದು ಬೆಲ್ಟು ಹುಡುಕಿ ಏರಿಸತೊಡಗಿದರು. ಬಹಳ ಹೊತ್ತು ಹಿಡಿಯಿತು. ಬೀಸಿದ ಹಿಟ್ಟು ತಲೆಯ ಮೇಲೆ ಹೊತ್ತು ನಾನು ಹೊರಗೆ ಬಂದಾಗ ಕಣ್ಣು ಕೆಂಡದ ಹಾಗೆ ಕೆಂಪಾಗಿ ನೀರು ಸುರಿಯುತ್ತಿತ್ತು. ಜಗಲಿಯ ಮೇಲಿದ್ದ ಹೆಂಗಸರು ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಒಬ್ಬಳು ಸೆರಗಿನಿಂದ ನನ್ನ ಕೆನ್ನೆ ಒರೆಸಿ, “ಓಗ್ಲಿ ಬುಡವ್ವ, ಯೋಳ್ಕಂಡ್ಯಲ್ಲ, ಮನ್ಸು ಅಗುರ ಆಯ್ತದ,” ಎಂದಳು. ನನಗೆ ಏನೆಂದೇ ಅರ್ಥವಾಗಲಿಲ್ಲ.

ಮನೆಗೆ ಬರುವಷ್ಟರಲ್ಲಿ ಅತ್ತೆಗೆ ಸುದ್ದಿ ಮುಟ್ಟಿತ್ತು. ಬಾಗಿಲಲ್ಲೇ ನಿಂತಿದ್ದರು.

“ಏನ್ ಯೋಳ್ದೆ ಅವರ್ ತಾವ?”

“ಏನೂ ಯೋಳ್ನಿಲ್ಲ ಅತ್ತೆ. ಬೆಲ್ಟ್ ಕಿತ್ತೋಯ್ತು.”

“ಬೆಲ್ಟ್ ಕಿತ್ತೋಯ್ತಾ! ಆ ಮಿಲ್ಲು ಯಾತಕ್ ನಿಂತದ ಅಂತ ಊರ್ಗೇ ಗೊತ್ತು. ಅಳ್ಕಂಡ್ ಬಂದಿದ್ದೀಯ, ಬೆಲ್ಟಂತೆ ಬೆಲ್ಟು. ಆ ಕೂಸಿನ್ ಇಚಾರ ಬೀದಿಗ್ ತಂದ್ಬುಟ್ಟಲ್ಲವ್ವ ನೀನು!”

ಕೂಸು ಎಂಬ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ನಾನು ಹಿಟ್ಟಿನ ಡಬ್ಬ ಇಳಿಸುವುದನ್ನೂ ಮರೆತೆ. ಅವರು ಒಳಗೆ ಹೋಗಿ ಕದ ಹಾಕಿಕೊಂಡರು. ಆ ಸಂಜೆ ಮುದ್ದೆ ಯಾರೂ ಉಣ್ಣಲಿಲ್ಲ.

ಮರುದಿನ ಬೆಳಗ್ಗೆ ನಾನು ಬರಿಗೈಯಲ್ಲಿ ಮಿಲ್ಲಿಗೆ ಹೋದೆ. ಸಾಲನ್ನು ದಾಟಿ ನೇರ ಒಳಗೆ ನುಗ್ಗಿದೆ. ನನ್ನ ಸಿಟ್ಟು ಮಾವನ ಸಿಟ್ಟಿಗಿಂತ ಕಡಿಮೆಯದೇನಲ್ಲ. “ನೀವೇ ಬಂದು ನಮ್ಮತ್ತೆಗ್ ಯೋಳಿ ಮಾವ, ನಾನೇನೂ ಯೋಳ್ನಿಲ್ಲ, ಬೆಲ್ಟ್ ಕಿತ್ತೋಗಿದ್ದು ಅಂತ!” ಎಂದು ಮಿಲ್ಲಿನ ಸದ್ದಿಗೆ ಮೇಲಾಗಿ ಕಿರುಚಿದೆ. ಅವರು ನನ್ನ ಬಾಯಿ ನೋಡಿದರು, ಕಣ್ಣು ನೋಡಿದರು. ಕೆಂಪು ಗುಂಡಿ ಒತ್ತಿದರು.

ಸದ್ದು ಇಳಿಯಿತು. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದೆ, ಈ ಸಲ ಮೆತ್ತಗೆ. ಅವರು “ಊಂ” ಎಂದರು. ಅಷ್ಟಕ್ಕೆ ನಾನು ಹೊರಡಬೇಕಿತ್ತು, ಬಂದ ಕೆಲಸ ಆಗಿತ್ತು. ಅವರು ಟವೆಲು ತೆಗೆದು ಹುಬ್ಬು ಒರೆಸಿಕೊಂಡರು. ಚೆಲ್ಲಿದ ಹಿಟ್ಟು ಬಳಿದರು. ನನಗೆ ಯಾರೂ ಅಷ್ಟು ಹೊತ್ತು ಕೊಟ್ಟಿರಲಿಲ್ಲ. ನಿಂತವಳು ಹಾಗೇ ರಾಗಿ ಚೀಲದ ಮೇಲೆ ಕುಸಿದು ಕುಳಿತು, “ಮಾವ, ನನ್ ಕೂಸು ಗಂಡಾ ಎಣ್ಣಾ ನಂಗೊತ್ತಿಲ್ಲ,” ಎಂದೆ. ಆಮೇಲೆ ಏನೇನು ಹೇಳಿದೆನೋ... ಎದೆಹಾಲು ಬಂದದ್ದು, ಅದನ್ನು ಬತ್ತಿಸಲು ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಮಲಗಿದ್ದು, ಭಾನುವಾರ ಹೊರಟುಹೋಗುವುದು. ಹೊರಗೆ ಹೆಂಗಸರು ಗೊಣಗಿದರು, ಗೊಣಗಿ ಸುಮ್ಮನಾದರು. ಕರೆಂಟೂ ಹೋಯಿತು. ಅವತ್ತು ಊರಿನ ಅರ್ಧ ಜನ ರಾಗಿಯನ್ನು ರಾಗಿಯಾಗಿಯೇ ಮನೆಗೆ ಹೊತ್ತುಕೊಂಡು ಹೋದರು.

ನಾನು ಮುಗಿಸಿದ ಮೇಲೂ ಅವರು ಕಾದರು. ಇನ್ನೇನೂ ಬರಲಿಲ್ಲ. ಆಗ ಎದ್ದು, “ಸಂದ್ಯಾಕ ಬತ್ತೀನಿ. ಬೆಲ್ಟ್ ಇಚಾರ ಯೋಳ್ತೀನಿ,” ಎಂದರು. ಅಷ್ಟೇ. ನನ್ನ ಮಗುವಿನ ಬಗ್ಗೆ ಒಂದು ಮಾತಿಲ್ಲ. ಆದರೂ ದಾರಿಯಲ್ಲಿ ಬರುವಾಗ ಎಷ್ಟೋ ತಿಂಗಳ ಮೇಲೆ ನನಗೆ ಹಸಿವಾಯಿತು.

ಹೇಳಿದಂತೆ ಬಂದರು. ಬರುವಾಗ ಹರಿದ ಬೆಲ್ಟನ್ನು ಸಾಕ್ಷಿಗೆಂದು ಹೆಗಲಿಗೆ ಹಾಕಿಕೊಂಡೇ ಬಂದಿದ್ದರು. ಜಗಲಿಯ ಮೇಲೆ ಕುಳಿತು, ಅದನ್ನು ಅತ್ತೆಯ ಮುಂದೆ ಉದ್ದಕ್ಕೆ ಹಾಸಿದರು.

“ನೋಡವ್ವ ತಂಗಿ, ಇಲ್ಲಿ ಕಿತ್ತೋಗದ. ನಿನ್ ಸೊಸೆ ಏನೂ ಯೋಳ್ನಿಲ್ಲ ನಿನ್ನೆ.”

ಅತ್ತೆ ಬೆಲ್ಟನ್ನು ಮುಟ್ಟಿ ನೋಡಿದರು. ಹರಿದ ತುದಿಯನ್ನು ಬೆರಳಲ್ಲಿ ತಿರುಗಿಸಿದರು. ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಮಾವ ಕಾಫಿ ಕುಡಿದರು. ಹೇಳಬೇಕಾದದ್ದು ಹೇಳಿ ಆಗಿತ್ತು, ಎದ್ದು ಹೋಗಬೇಕು. ಅವರು ಏಳಲಿಲ್ಲ. ಲೋಟ ಕೆಳಗಿಟ್ಟು, ಅಂಗಳದಲ್ಲಿ ಕಟ್ಟಿದ್ದ ಕರುವನ್ನು ನೋಡುತ್ತ ಕುಳಿತರು.

ಸುಮ್ಮನೆ ಕೂತವರ ಮುಂದೆ ಎಷ್ಟು ಹೊತ್ತು ಸುಮ್ಮನಿರುವುದು? ಅತ್ತೆ ಕರುವಿನ ಮಾತು ತೆಗೆದರು. ಅದಕ್ಕೆ ಭೇದಿ ಹತ್ತಿದ್ದು, ಮದ್ದು ಹಾಕಿದ್ದು. ಮಾವ “ಊಂ” ಎಂದರು. ಆಮೇಲೆ ಅರಿಶಿನದ ಬೆಳೆ, ಹಂದಿಯ ಕಾಟ, ಅತ್ತೆಯ ತಮ್ಮನ ಮಗಳ ಮದುವೆ. “ಊಂ.” ನಾನು ಬಾಗಿಲ ಹಿಂದೆ ನಿಂತು ಕುದಿಯುತ್ತಿದ್ದೆ. ಈ ಕರು ಹಂದಿ ಕಟ್ಟಿಕೊಂಡು ನನಗೇನು! ಮುಂದೆ ಬಂದು ಕೇಳಿಬಿಡೋಣ ಎಂದು ಹೊಸ್ತಿಲ ಮೇಲೆ ಕಾಲಿಟ್ಟೆ. ಮಾವ ನನ್ನ ಕಡೆ ತಿರುಗದೆಯೇ ಅಂಗೈಯನ್ನು ಕೆಳಮುಖ ಮಾಡಿ ನೆಲದ ಕಡೆ ಆಡಿಸಿದರು, ಕೂತ್ಕೊ ಎಂದು. ಹೊಸ್ತಿಲಲ್ಲೇ ಕುಳಿತೆ.

ಅತ್ತೆ ಬೆಲ್ಟನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಬೆಲ್ಟನ್ನೇ ನೋಡುತ್ತ ಹೇಳತೊಡಗಿದರು.

“ಆಸನೂರ್ ದಾಟ್ತಿದ್ದಂಗೇ ಕೂಸು ಬಂದ್ಬುಡ್ತು ಕಣಣ್ಣ, ಜೀಪೊಳ್ಗೇ. ಅಲ್ಲಾಡ್ನಿಲ್ಲ, ಅಳ್ನಿಲ್ಲ. ಸತ್ತೋಗದ ಅಂದ್ಕಂಡಿ. ಸೀರೇಲಿ ಸುತ್ತಿ ಮಡ್ಲಲ್ಲಿ ಆಕ್ಕಂಡಿ. ಮುಂದ್ಕ ರಸ್ತೇಲಿ ಆನೆ ಅಡ್ಡ ನಿಂತಿತ್ತು. ಕಬ್ಬಿನ್ ಲಾರಿ ಬತ್ತದ ಅಂತ ಕಾಯ್ಕ ನಿಂತಿರ್ತವಲ್ಲ, ಅಂಗೆ. ಡ್ರೈವರು ಜೀಪ್ ಆಫ್ ಮಾಡ್ಬುಟ್ಟ. ಅಲ್ಲೀಗಂಟ ಆ ಸದ್ದಲ್ಲಿ ನಂಗೇನೂ ಕೇಳ್ನಿಲ್ಲ. ಆಫ್ ಮಾಡುದ್ಮ್ಯಾಲೆ ಕೇಳ್ತು... ಮಡ್ಲಲ್ಲಿ ಒಂಚೂರು ಕುಯ್ಯ್ ಅಂತು. ಬದ್ಕಿತ್ತು ಕಣಣ್ಣ. ಎಣ್ಕೂಸು. ಬದ್ಕಿತ್ತು.”

ಹೆಣ್ಣು. ಬದುಕಿತ್ತು.

“ಉಳಿಯಲ್ಲ ಅಂತ ಗೊತ್ತಾಯ್ತು. ನೀಲಿ ಆಗ್ಬುಟ್ಟಿತ್ತು. ಅಂಗೇ ಕಳ್ಸಕ್ಕಾದ್ದಾ? ನೀರ್ ಬಾಟ್ಲಿ ಇತ್ತು. ತಲೆ ಮ್ಯಾಲೆ ಉಯ್ದು ಗ್ಯಾನಸ್ನಾನ ಕೊಟ್ಬುಟ್ಟೆ. ಯೋಳೋ ಮಾತೆಲ್ಲ ಕಲ್ಸೋಯ್ತು, ಅರ್ಧ ತಮಿಳ್ನಲ್ಲಿ ಬಂತು, ಅರ್ಧ ಕನ್ನಡ್ದಲ್ಲಿ ಬಂತು. ಸರ್ಯಾಗ್ ಯೋಳ್ದ್ನೋ ಇಲ್ವೋ... ಸಾಮಿಯೋರ ಕೇಳಕ್ಕೂ ಭಯ. ಸರಿಯಿಲ್ಲ ಅಂದ್ಬುಟ್ರೆ ಆ ಕೂಸು ಎಲ್ಲಿಗೋಯ್ತದ?”

ನಮ್ಮಲ್ಲಿ ಸಾಯುವ ಮಗುವಿಗೆ ಸಾಮಿಯವರಿಲ್ಲದಿದ್ದರೆ ಯಾರು ಬೇಕಾದರೂ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದು. ಅದು ಎಲ್ಲರಿಗೂ ಗೊತ್ತು. ಅದಿಲ್ಲದೆ ಸತ್ತ ಕೂಸಿಗೆ ಸ್ವರ್ಗವಿಲ್ಲ ಎಂಬ ಭಯವೂ ಹಳಬರಲ್ಲಿತ್ತು. ಅತ್ತೆ ಸತ್ಯಮಂಗಲದ ಕಡೆಯವರು, ಜಪಗಳನ್ನು ಕಲಿತದ್ದು ತಮಿಳಿನಲ್ಲಿ. ಅಂಥ ಹೊತ್ತಿನಲ್ಲಿ ಯಾರ ನಾಲಿಗೆ ನೆಟ್ಟಗಿರುತ್ತದೆ?

ಅವರು ನಿಲ್ಲಿಸಿದರು. ಮುಗಿಯಿತು ಎಂದುಕೊಂಡೆ. ನನ್ನ ಗಂಟಲಿಗೆ ಮಾತು ಬಂದಿತ್ತು: ಇಷ್ಟು ದಿನ ಯಾಕೆ ಹೇಳಲಿಲ್ಲ, ನನ್ನ ಮಗಳು ಬದುಕಿದ್ದಳೆಂದು ನನ್ನಿಂದ ಯಾಕೆ ಮುಚ್ಚಿಟ್ಟಿರಿ? ಅದನ್ನು ಅಂದುಬಿಟ್ಟಿದ್ದರೆ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು, ನಾನು ಭಾನುವಾರ ಹೊರಟುಹೋಗುತ್ತಿದ್ದೆ. ಮಾವನ ಅಂಗೈ ಇನ್ನೂ ಕೆಳಮುಖವಾಗಿ ಗಾಳಿಯಲ್ಲೇ ಇತ್ತು. ಆ ಕೈಯನ್ನೇ ನೋಡುತ್ತ ತುಟಿ ಕಚ್ಚಿ ಹಿಡಿದೆ. ಕರು ಒಮ್ಮೆ ಅಂಬಾ ಎಂದಿತು. ಬೀದಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು. ಅಷ್ಟು ಉದ್ದದ ಹೊತ್ತನ್ನು ನಾನು ಬಾಳಿನಲ್ಲಿ ಮತ್ತೆ ಕಂಡಿಲ್ಲ.

“ಎಸ್ರಿಕ್ಬೇಕಲ್ಲಣ್ಣ,” ಎಂದರು ಅತ್ತೆ, ಬಹಳ ಸಣ್ಣ ದನಿಯಲ್ಲಿ. “ಎಸ್ರಿಲ್ದೆ ನೀರ್ ಎಂಗೆ ಉಯ್ಯದು? ಒಂದ್ ಸಂತ್ರ ಎಸ್ರೂ ಬಾಯ್ಗ್ ಬರ್ನಿಲ್ಲ. ದಾರಿಯುದ್ದಕ್ಕೂ ಇವಳ್ ಎಸ್ರೇ ಕೂಕ್ಕಂಡ್ ಬಂದಿದ್ದಿ, ಕಣ್ ಬುಡವ್ವ, ಕಣ್ ಬುಡವ್ವ ಅಂತ. ಅದೇ ಬಂದ್ಬುಡ್ತು ಬಾಯ್ಗೆ. ಇವಳ್ ಎಸ್ರೇ ಇಕ್ಬುಟ್ಟಿ ಆ ಕೂಸ್ಗೆ. ಬದ್ಕಿರೋಳ್ ಎಸ್ರ ಸಾಯೋ ಕೂಸ್ಗಿಟ್ನಲ್ಲ, ಇವಳ್ನೂ ಕರ್ಕಂಡೋಗ್ಬುಟ್ರೆ ಅಂತ ಆಮ್ಯಾಲೆ ಜೀವ ಬಾಯ್ಗ್ ಬಂತು. ಅದ್ಕೇ ಇವಳ್ ಮೊಕ ನೋಡಕ್ಕಾಗ್ತಿಲ್ಲ ನಂಗೆ.”

ನಾನು ಹೊಸ್ತಿಲಿಂದ ಎದ್ದದ್ದು ನೆನಪಿಲ್ಲ. ಅತ್ತೆಯ ಮಡಿಲಲ್ಲಿ ಮುಖವಿಟ್ಟಿದ್ದೆ. ಅವರ ಕೈ ನನ್ನ ತಲೆಯ ಮೇಲಿತ್ತು. ಇಬ್ಬರೂ ದನಿ ತೆಗೆದು ಅತ್ತೆವು. ಅಕ್ಕಪಕ್ಕದವರು ಕೇಳಿದರೆ ಕೇಳಲಿ, ಊರೇ ಕೇಳಲಿ ಎನ್ನಿಸಿತು. ತಿಂಗಳುಗಟ್ಟಲೆ ನನ್ನನ್ನು ದ್ವೇಷಿಸುತ್ತಿದ್ದಾರೆಂದು ನಾನು ತಿಳಿದಿದ್ದ ಹೆಂಗಸು, ಆ ಕಾಡಿನ ದಾರಿಯಲ್ಲಿ ನನ್ನ ಹೆಸರೊಂದನ್ನು ಬಿಟ್ಟು ಬೇರೆಲ್ಲ ಮರೆತಿದ್ದರು. ಮಾವ ಎದ್ದರು. ಬೆಲ್ಟನ್ನು ಮಡಚಿ ಹೆಗಲಿಗೆ ಹಾಕಿಕೊಂಡು, “ಬೆಲ್ಟ್ ನೋಡುದ್ರಲ್ಲ, ಬತ್ತೀನಿ ಕಣವ್ವ,” ಎಂದು ಹೊರಟರು.

ಭಾನುವಾರ ಅಣ್ಣ ಬಂದ. ಕೋಳಿ ಸಾರು ಉಂಡು, ಒಬ್ಬನೇ ವಾಪಸು ಹೋದ. ಆ ವಾರ ಸಾಮಿಯವರ ಹತ್ತಿರ ಅತ್ತೆ ತಾವಾಗಿಯೇ ಹೋಗಿ ಎಲ್ಲ ಹೇಳಿದರು. ದೇವರಿಗೆ ಎರಡು ಭಾಷೆಯೂ ಬರುತ್ತದಮ್ಮ, ನೀವು ಕೊಟ್ಟದ್ದು ಸರಿಯಾಗಿದೆ ಎಂದರಂತೆ. ಅತ್ತೆ ಮನೆಗೆ ಬಂದು ನನ್ನನ್ನು ಕೈಹಿಡಿದು ಸಮಾಧಿ ತೋಟಕ್ಕೆ ಕರೆದುಕೊಂಡು ಹೋಗಿ ಜಾಗ ತೋರಿಸಿದರು. ತಮ್ಮ ಗಂಡನ ಕಾಲ ಬಳಿಯಲ್ಲಿ ಮಲಗಿಸಿದ್ದರು.

ತಾಳ್ಮೆ ಎಂಬುದು ನನಗೆ ಅವತ್ತೇ ಬಂದುಬಿಟ್ಟಿತು ಎಂದರೆ ನನ್ನ ಗಂಡ ಬಿದ್ದು ಬಿದ್ದು ನಗುತ್ತಾರೆ. ಅವರು ಮಾರ್ಕೆಟ್ಟಿನ ಕಥೆ ಹೇಳುವಾಗ ಈಗಲೂ ನಾನು ನಡುವೆ ಎದ್ದು ಹಾಲು ನೋಡಲು ಹೋಗುತ್ತೇನೆ. ಆದರೆ ಅತ್ತೆ ಮಾತಾಡುವಾಗ ಎದ್ದು ಹೋದವಳಲ್ಲ. ಆ ಜೀಪಿನ ಕಥೆಯನ್ನು ಅವರು ಬದುಕಿರುವಷ್ಟು ದಿನವೂ ಹೇಳಿದರು. ಬಟ್ಟೆ ಮಡಿಸುವಾಗ, ಅವರೆಕಾಯಿ ಬಿಡಿಸುವಾಗ, ಕರು ಹಂದಿ ಎಲ್ಲ ಸುತ್ತಿ ಬಂದು ಕೊನೆಗೆ ಅಲ್ಲಿಗೇ ಬರುತ್ತಿದ್ದರು. ಗೊತ್ತಿರುವ ಕಥೆ ಎಂದು ನಾನು ತಡೆಯಲಿಲ್ಲ. ಒಂದೊಂದು ಸಲಕ್ಕೂ ನನ್ನ ಮಗಳು ನನಗೆ ಒಂದಿಷ್ಟು ಹೆಚ್ಚು ಸಿಗುತ್ತಿದ್ದಳು. ಬೆರಳು ನೀಳವಾಗಿತ್ತು ಎಂದು ಒಮ್ಮೆ ತಿಳಿಯಿತು. ಕೂದಲು ದಟ್ಟವಾಗಿತ್ತು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ನನ್ನ ಮಗನಿಗೆ ತಲೆ ಬಾಚುತ್ತಿದ್ದಾಗ ಅತ್ತೆ ತಾವಾಗಿ ಹೇಳಿದರು. ನನ್ನ ಪ್ರಾರ್ಥನೆಯೂ ಸ್ವಲ್ಪ ಬದಲಾಯಿತು. ಮೊದಲು ಬೇಕಾದ್ದೆಲ್ಲ ಕೇಳಿ ಆಮೆನ್ ಎಂದು ಎದ್ದುಬಿಡುತ್ತಿದ್ದೆ. ಈಗ ಆಮೆನ್ ಎಂದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತೇನೆ, ಆ ಕಡೆಯಿಂದ ಏನಾದರೂ ಇದ್ದೀತು ಎಂದು.

ಒಮ್ಮೆ ಮಾವನಿಗೆ ಇದನ್ನೆಲ್ಲ ಹೇಳಿದೆ. ಇದು ನಿಮ್ಮಿಂದ ಕಲಿತದ್ದು ಎಂದೆ. ಅವರು ನಕ್ಕುಬಿಟ್ಟರು.

“ಅಯ್ಯೋ, ನಂಗ್ ಕಿವಿ ಕೇಳಲ್ಲ ಕಣವ್ವ. ಮಿಲ್ಲು ಓಡ್ತಿದ್ರೆ ಬಾಯಾಡೋದ್ ಮಾತ್ರ ಕಾಣ್ತದ. ಅದ್ಕೇ ಆಫ್ ಮಾಡ್ತಿದ್ದಿ.”

“ಮಾತು ಮುಗುದ್ಮ್ಯಾಲೂ ಸುಮ್ನ ಕುಂತಿರ್ತಿದ್ರಲ್ಲ?”

“ಮುಗೀತೋ ಇಲ್ವೋ ಗೊತ್ತಾಯ್ತಿರ್ನಿಲ್ಲ. ಕಾಯ್ತಿದ್ದಿ.”

ನನಗೆ ನಗು ಬಂತು, ಜೊತೆಗೆ ಒಂದು ಅನುಮಾನವೂ ಬಂತು. ಅತ್ತೆ ಆ ಸಂಜೆ ಎಷ್ಟು ಸಣ್ಣ ದನಿಯಲ್ಲಿ ಹೇಳಿದ್ದರು! ಹಾಗಾದರೆ ಅವತ್ತು ಜಗಲಿಯಲ್ಲಿ ನಿಮಗೆ ಕೇಳಿಸಿತೋ ಇಲ್ಲವೋ ಎಂದು ಕೇಳಿದೆ.

“ಅರ್ಧ ಕೇಳ್ತು,” ಎಂದರು. “ಇನ್ನರ್ಧ ನೀನ್ ಕೇಳುಸ್ಕತಿದ್ದಲ್ಲ, ಸಾಕು ಬುಡು ಅಂತ ಸುಮ್ಮನಾದಿ.”

ಕಿವಿಯ ವಿಷಯ ನಿಜವೋ ನನ್ನ ಹೊಗಳಿಕೆಯಿಂದ ತಪ್ಪಿಸಿಕೊಳ್ಳಲು ಅಂದದ್ದೋ ಇವತ್ತಿಗೂ ನನಗೆ ಗೊತ್ತಿಲ್ಲ.

ಈಗ ರಾಗಿ ಹಿಟ್ಟು ಪ್ಯಾಕೆಟಿನಲ್ಲಿ ಅಂಗಡಿಗೆ ಬರುತ್ತದೆ. ಮಿಲ್ಲು ಮುಚ್ಚಿ ಬಹಳ ಕಾಲವಾಯಿತು. ಮಾವನಿಗೆ ಮಕ್ಕಳಿರಲಿಲ್ಲ. ಕೊನೆಗಾಲದಲ್ಲಿ ಅತ್ತೆ ಹಾಕಿಕೊಟ್ಟ ಸಾರು ಹಿಟ್ಟು ನಾನೇ ಒಯ್ದು ಕೊಡುತ್ತಿದ್ದೆ. ಮೊದಲು ಮಾವ ಹೋದರು, ಆಮೇಲೆ ಅತ್ತೆ. ಅವರಿಬ್ಬರೂ ಹೋದ ಮೇಲೆ ಈ ಊರಿನಲ್ಲಿ ನನಗೆ ಮಾತಾಡಲು ಜನ ಬೇಕಾದಷ್ಟಿದ್ದಾರೆ, ಆದರೂ ಒಂಟಿ ಎನ್ನಿಸುತ್ತದೆ.

ನವೆಂಬರಿನಲ್ಲಿ ಸತ್ತವರ ದಿನದಂದು ನಾವೆಲ್ಲ ಸಮಾಧಿ ತೋಟದಲ್ಲಿ ಮೇಣದಬತ್ತಿ ಹಚ್ಚಿ ನಿಲ್ಲುತ್ತೇವೆ. ಸಾಮಿಯವರು ತೀರ್ಥ ಚಿಮುಕಿಸುತ್ತ ಬರುತ್ತಾರೆ. ತಮ್ಮ ತಮ್ಮ ಸಮಾಧಿಯ ಹತ್ತಿರ ಬಂದಾಗ ಮನೆಯವರು ಸತ್ತವರ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಕಳೆದ ಸಲ ಬಂದವರು ಹೊಸ ಸಾಮಿ, ಚಿಕ್ಕ ವಯಸ್ಸು. ನಾನು ನನ್ನ ಗಂಡನ ಅಪ್ಪನ ಹೆಸರು ಹೇಳಿದೆ, ಅತ್ತೆಯ ಹೆಸರು ಹೇಳಿದೆ, ಮಿಲ್ಲಿನ ಮಾವನ ಹೆಸರು ಹೇಳಿದೆ. ಕೊನೆಗೆ ನನ್ನ ಹೆಸರು ಹೇಳಿದೆ.

“ಅದು ನಿಮ್ಮ ಹೆಸರಲ್ಲವಾ ಅಮ್ಮ?” ಎಂದರು.

“ಹೌದು ಸಾಮಿ. ನನ್ನ ಮಗಳದ್ದೂ ಅದೇ ಹೆಸರು.”

ಅವರು ನನ್ನನ್ನು ನೋಡಿದರು. ಕೂದಲು ದಟ್ಟವಾಗಿತ್ತಂತೆ ಸಾಮಿ ಎಂದು ಹೇಳಬೇಕೆಂದಿದ್ದೆ, ಮಾತು ಬರುವುದು ಸ್ವಲ್ಪ ತಡವಾಯಿತು. ಅಷ್ಟರಲ್ಲಿ ಅವರು ತೀರ್ಥ ಚಿಮುಕಿಸಿ ಮುಂದಿನ ಸಮಾಧಿಗೆ ಹೋಗಿದ್ದರು. ಅವರ ತಪ್ಪೇನಿಲ್ಲ, ಇನ್ನೂ ಎಷ್ಟೋ ಮನೆಯವರು ಬತ್ತಿ ಹಿಡಿದು ನಿಂತಿದ್ದರು. ನಾನು ಹೇಳಿ ಮುಗಿಸುವವರೆಗೆ ಕಾಯುತ್ತಿದ್ದ ಮನುಷ್ಯ ಸ್ವಲ್ಪ ಆಚೆ, ಗೋಡೆಯ ಪಕ್ಕದ ಮಣ್ಣಿನೊಳಗಿದ್ದರು. ಎಲ್ಲರೂ ಹೋದ ಮೇಲೆ ಅಲ್ಲಿಗೆ ಹೋಗಿ ಕುಳಿತು, ಹೇಳಿದೆ.